ರಾತ್ರಿ ಉಸಿರಾಡುವ ಹುತ್ತ

ನಾಗರ ಪಂಚಮಿಯ ದಿನ ತನಿ ಎರೆಯಲು ಹೋದವರು ಮೊದಲು ಹುಡುಕುವುದು ಹುತ್ತದ ಬಾಯಿಯನ್ನು. ಬಾಯಿ ಸಿಕ್ಕರೆ ಹಾಲು, ಅರಿಸಿನ ಕುಂಕುಮ, ಚಿಗಳಿ, ತಂಬಿಟ್ಟು ಎಲ್ಲ ಅಲ್ಲಿಗೇ. ಆದರೆ ಗೆದ್ದಲು ತುಂಬಿ ಚೆನ್ನಾಗಿ ಬಾಳುತ್ತಿರುವ ಹುತ್ತಕ್ಕೆ ಬಾಯಿಯೇ ಇರುವುದಿಲ್ಲ. ಬಯಲುಸೀಮೆಯ ಹೊಲದ ಬದುಗಳಲ್ಲಿ, ಗೋಮಾಳಗಳಲ್ಲಿ, ಬೇವಿನ ಮರದ ಬುಡದಲ್ಲಿ ಮೈತುಂಬ ಏಣುಗಳನ್ನು ಹೊತ್ತು ನಿಂತಿರುವ ಆ ಕೆಂಪು ಗೋಪುರ ಸುತ್ತಲೂ ಮುಚ್ಚಿದ ಕಟ್ಟಡ. ಹೆಗ್ಗಣ ಕೊರೆದ ಮೇಲೋ, ಗೆದ್ದಲು ಬಿಟ್ಟುಹೋಗಿ ಮಳೆಗೆ ಗೋಡೆ ಕುಸಿದ ಮೇಲೋ ಬಾಯಿ ತೆರೆಯುತ್ತದೆ. ಹಾವು ಬಂದು ಸೇರುವುದು ಆಮೇಲೆ.

ಬಾಗಿಲಿಲ್ಲ, ಕಿಟಕಿಯಿಲ್ಲ. ಒಳಗೆ ಲಕ್ಷಗಟ್ಟಲೆ ಹುಳುಗಳು. ಸಾಲದ್ದಕ್ಕೆ ಅವು ಸಾಕಿಕೊಂಡ ಅಣಬೆಯ ತೋಟ ಬೇರೆ: ಒಣಗಿದ ಎಲೆ, ಕಡ್ಡಿ, ಸೌದೆ ಎಲ್ಲವನ್ನೂ ಅಗಿದು ತಂದು ಅದರ ಮೇಲೆ ಶಿಲೀಂಧ್ರ ಬೆಳೆಸಿ, ಅದನ್ನೇ ಉಂಡು ಬದುಕುವ ರೈತಾಪಿ ಹುಳುಗಳಿವು. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಬಿಳಿ ಅಣಬೆಯನ್ನು ನಾವು ಆಸೆಪಟ್ಟು ಕಿತ್ತು ತಂದು ಸಾರು ಮಾಡುತ್ತೇವಲ್ಲ, ಅದು ಈ ತೋಟದ ಬೆಳೆಯೇ. ಹುಳುವೂ ಉಸಿರಾಡಬೇಕು, ಅಣಬೆಯೂ ಉಸಿರಾಡಬೇಕು. ಮುಚ್ಚಿದ ಮನೆಯೊಳಗೆ ಗಾಳಿ ಹೇಗೆ ಆಡುತ್ತದೆ? ಈ ಒಂದು ಪ್ರಶ್ನೆಯಿಂದ ಆಫ್ರಿಕದ ರಾಜಧಾನಿಯೊಂದರಲ್ಲಿ ಒಂಬತ್ತು ಮಹಡಿಯ ಕಟ್ಟಡ ಎದ್ದಿದೆ. ದಶಕಗಳ ಕಾಲ ಎಲ್ಲರೂ ಒಪ್ಪಿದ್ದ ಸಿದ್ಧಾಂತವೊಂದು ಬಿದ್ದಿದೆ. ಉತ್ತರದ ದೊಡ್ಡದೊಂದು ಭಾಗ ಸಿಕ್ಕಿದ್ದು ಮಾತ್ರ ನಮ್ಮ ಬೆಂಗಳೂರಿನ ಹುತ್ತಗಳಲ್ಲಿ.

ಗಾಳಿಯ ಮಾತಿಗೆ ಮೊದಲು ಗಾರೆ ಕೆಲಸ ನೋಡಬೇಕು. ಹುತ್ತದ ಮೈಯಿಂದ ಒಂದು ಚೂರು ಮಣ್ಣು ಕೆತ್ತಿ, ಪಕ್ಕದಲ್ಲಿ ಕೂತು ನೋಡುವ ತಾಳ್ಮೆ ಇದ್ದರೆ ಸಾಕು. ಮೊದಲು ಹೊರಬರುವುದು ದಪ್ಪ ತಲೆಯ, ಕತ್ತರಿ ಬಾಯಿಯ ಸೈನಿಕ ಹುಳುಗಳು. ಒಡೆದ ಅಂಚಿನುದ್ದಕ್ಕೂ ನಿಂತು ಕಾವಲು ಕಾಯುತ್ತವೆ. ಅವುಗಳ ಹಿಂದೆಯೇ ಕೆಲಸಗಾರ ಹುಳುಗಳು. ಒಂದೊಂದರ ಬಾಯಲ್ಲೂ ಒಂದೊಂದು ಒದ್ದೆ ಮಣ್ಣಿನ ಉಂಡೆ, ರಾಗಿ ಕಾಳಿಗಿಂತ ದೊಡ್ಡದಲ್ಲ. ಹುಳು ಬರುತ್ತದೆ, ಉಂಡೆಯನ್ನು ಅಂಚಿಗೆ ಒತ್ತುತ್ತದೆ, ತಲೆಯನ್ನು ನಾಲ್ಕಾರು ಸಲ ಅತ್ತಿತ್ತ ಅಲುಗಿಸಿ ಮೆತ್ತುತ್ತದೆ, ತಿರುಗಿ ಹೋಗುತ್ತದೆ. ಆ ಜಾಗಕ್ಕೆ ಇನ್ನೊಂದು. ಮೇಸ್ತ್ರಿ ಇಲ್ಲ, ನಕ್ಷೆ ಇಲ್ಲ, ಕೆಲಸಗಾರರಿಗೆ ಕಣ್ಣೂ ಕಾಣದು. ಮಾರನೆಯ ಬೆಳಿಗ್ಗೆ ಹೋದರೆ ಗಾಯ ಮುಚ್ಚಿರುತ್ತದೆ. ಹೊಸ ತೇಪೆ ಮಾತ್ರ ಹಸಿಹಸಿಯಾಗಿ, ಸುತ್ತಲಿನ ಮಣ್ಣಿಗಿಂತ ಕಡು ಬಣ್ಣದಲ್ಲಿ ಕಾಣಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರದ ರೆನೀ ಬೋರ್ಜಸ್ ಮತ್ತು ಸಿವಿಲ್ ಎಂಜಿನಿಯರಿಂಗ್ ವಿಭಾಗದ ತೇಜಸ್ ಮೂರ್ತಿ ಜೊತೆಗೂಡಿ ಈ ಉಂಡೆಗಳ ಬೆನ್ನು ಹತ್ತಿದರು. ಕೀಟ ಓದುವವರೂ ಅಡಿಪಾಯದ ಮಣ್ಣು ಪರೀಕ್ಷಿಸುವವರೂ ಒಂದಾಗಿ ಕೆಲಸ ಮಾಡುವುದು ನಮ್ಮಲ್ಲಿ ಅಪರೂಪ. ಅವರ ತಂಡ ಗೆದ್ದಲಿಗೆ ಬಗೆಬಗೆಯ ಸಾಮಗ್ರಿ ಕೊಟ್ಟು ಪರೀಕ್ಷೆ ಮಾಡಿತು. ಯಾವುದರಲ್ಲಿ ಕಟ್ಟುತ್ತವೆ, ಎಷ್ಟು ನೀರಿದ್ದರೆ ಕಟ್ಟುತ್ತವೆ ಎಂದು ನೋಡಿತು. ತೀರ ಒಣಗಿದ್ದೂ ಬೇಡ, ಕೆಸರೂ ಬೇಡ, ನಡುವಣ ಹದವೇ ಹುಳುಗಳಿಗೆ ಇಷ್ಟ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹುಳುವಿನ ಜೊಲ್ಲು ಸೇರಿ ಗಟ್ಟಿಯಾದ ಹುತ್ತದ ಮಣ್ಣಿನ ಬಲ, ಅದೇ ಜಾಗದ ಬರೀ ಮಣ್ಣಿಗಿಂತ ಸುಮಾರು ಹತ್ತು ಪಟ್ಟು. 2020ರ ಇನ್ನೊಂದು ಅಧ್ಯಯನದಲ್ಲಿ ಗೋಡೆಯ ಗುಟ್ಟೂ ಹೊರಬಿತ್ತು. ಹುತ್ತ ಎರಡು ಪದರದ ಕಟ್ಟಡ. ಒಳತಿರುಳು ಒತ್ತಾಗಿ ಗಟ್ಟಿ, ಹೊರಹೊದಿಕೆ ರಂಧ್ರಮಯ. ಒಳಗಿನದು ಭಾರ ಹೊರುತ್ತದೆ, ಹೊರಗಿನದು ಗಾಳಿ ಸೋಸುತ್ತದೆ.

ಹುತ್ತದ ಮಣ್ಣು ತಂದು ಒಲೆ ಹಾಕುತ್ತಿದ್ದ, ಗೋಡೆಗೆ ಮೆತ್ತುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಹತ್ತು ಪಟ್ಟಿನ ಲೆಕ್ಕ ಗೊತ್ತಿರಲಿಲ್ಲ, ಮಣ್ಣಿನ ಗುಣ ಗೊತ್ತಿತ್ತು. ಬಾವಿ ತೋಡುವ ಮುನ್ನ ಹುತ್ತ ಎಲ್ಲಿದೆ ಎಂದು ನೋಡುವ ಪದ್ಧತಿಯೂ ಹಳೆಯದು. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಗುರುತುಗಳನ್ನು ಹೇಳುವಾಗ ಯಾವ ಮರದ ಹತ್ತಿರ ಹುತ್ತವಿದ್ದರೆ ನೀರು ಎಲ್ಲಿ ಸಿಗುತ್ತದೆ ಎಂದೆಲ್ಲ ವಿವರಿಸಿದ್ದಾನೆ. ಅದು ಬೇರೆಯೇ ಲೇಖನಕ್ಕೆ ಆಗುವಷ್ಟಿದೆ.

ಹರಾರೆಯ ಕಟ್ಟಡ

ಜಿಂಬಾಬ್ವೆಯ ರಾಜಧಾನಿ ಹರಾರೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲು, ರಾತ್ರಿ ಚಳಿ. ಅಲ್ಲಿ ಈಸ್ಟ್‌ಗೇಟ್ ಸೆಂಟರ್ ಎಂಬ ಅಂಗಡಿ ಮತ್ತು ಕಚೇರಿಗಳ ಸಮುಚ್ಚಯ 1996ರಲ್ಲಿ ತೆರೆಯಿತು. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಅದೇ ಊರಲ್ಲಿ ಹುಟ್ಟಿದವರು. ಎಂಜಿನಿಯರಿಂಗ್ ಅರುಪ್ ಸಂಸ್ಥೆಯದು. ಎ.ಸಿ. ಯಂತ್ರಗಳಿಲ್ಲದೆ ಇಷ್ಟು ದೊಡ್ಡ ಕಟ್ಟಡವನ್ನು ತಂಪಾಗಿಡಬೇಕು ಎಂಬುದು ಅವರ ಮುಂದಿದ್ದ ಸವಾಲು. ಎ.ಸಿ. ಯಂತ್ರ ತರಿಸಲು ವಿದೇಶಿ ವಿನಿಮಯ ಬೇಕು, ನಡೆಸಲು ವಿದ್ಯುತ್ ಬೇಕು, ಕೆಟ್ಟರೆ ರಿಪೇರಿಗೆ ಬಿಡಿಭಾಗ ಬೇಕು. ಡೇವಿಡ್ ಅಟೆನ್‌ಬರೊ ಅವರ ಚಿತ್ರದಲ್ಲಿ ಗೆದ್ದಲ ಹುತ್ತ ಕಂಡದ್ದು ಪಿಯರ್ಸ್ ಅವರಿಗೆ ದಾರಿ ತೋರಿಸಿತು.

ಈಸ್ಟ್‌ಗೇಟ್ ಎಂದರೆ ಪಕ್ಕಪಕ್ಕದ ಎರಡು ಉದ್ದನೆಯ ಕಟ್ಟಡಗಳು, ನಡುವೆ ಗಾಜಿನ ಮಾಡಿನ ಓಣಿ. ರಾತ್ರಿ ಫ್ಯಾನುಗಳು ಆ ಓಣಿಯ ತಣ್ಣನೆಯ ಗಾಳಿಯನ್ನು ಎಳೆದು ಮಹಡಿಗಳ ನೆಲದೊಳಗಿನ ಟೊಳ್ಳು ಜಾಗಕ್ಕೆ ನುಗ್ಗಿಸುತ್ತವೆ. ಅಲ್ಲಿ ಕಾಂಕ್ರೀಟಿಗೆ ಹಲ್ಲುಗಳಂತೆ ಉಬ್ಬು ಕೊಟ್ಟಿದ್ದಾರೆ, ಗಾಳಿಗೆ ಹೆಚ್ಚು ಮೈ ತಾಗಲಿ ಎಂದು. ಇರುಳೆಲ್ಲ ಕಾಂಕ್ರೀಟು ತಣಿಯುತ್ತದೆ. ಹಗಲು ಅದೇ ದಾರಿಯಲ್ಲಿ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟರೆ, ತಣಿದ ನೆಲ ಸವರಿಕೊಂಡು ಬಂದ ಗಾಳಿ ಕೋಣೆಗೆ ತಂಪು ತರುತ್ತದೆ. ಜನ ಮತ್ತು ಕಂಪ್ಯೂಟರುಗಳಿಂದ ಬಿಸಿಯಾದದ್ದು ಚಾವಣಿಯ ಕಿಂಡಿಗಳಿಂದ ಮೇಲೇರಿ ಮಾಡಿನ ಮೇಲಿನ ಚಿಮಣಿಗಳ ಮೂಲಕ ಆಚೆ ಹೋಗುತ್ತದೆ. ಕಿಟಕಿಗಳನ್ನು ಬೇಕೆಂದೇ ಚಿಕ್ಕದು ಮಾಡಿದ್ದಾರೆ. ಹೊರಮೈಗೆ ಕಾಂಕ್ರೀಟಿನ ದಪ್ಪ ಚಾಚುಗಳು, ನೆರಳಿಗೆ. ನೋಡಲು ಚೆಂದವೇ ಎಂದರೆ ನನಗೆ ಅನುಮಾನ. ಕೆಲಸ ಮಾಡುತ್ತದೆಯೇ ಎಂದರೆ ಮಾಡುತ್ತದೆ.

ಇಷ್ಟಾಗಿ ಪಿಯರ್ಸ್ ಕಲಿತ ಪಾಠ ತಪ್ಪು ಪಾಠ ಎಂದು ಮುಂದೆ ಗೊತ್ತಾಯಿತು. ಸ್ವಿಟ್ಜರ್ಲೆಂಡಿನ ಕೀಟವಿಜ್ಞಾನಿ ಮಾರ್ಟಿನ್ ಲೂಷರ್ 1961ರಲ್ಲಿ ಹೇಳಿದ್ದನ್ನೇ ಎಲ್ಲರೂ ನಂಬಿದ್ದರು: ಹುಳುಗಳ ಮೈಬಿಸಿಗೆ ಗಾಳಿ ಕಾದು ಮೇಲೇರುತ್ತದೆ, ಬದಿಯ ನಾಳಗಳಲ್ಲಿ ತಣಿದು ಇಳಿಯುತ್ತದೆ, ಹೀಗೆ ಹುತ್ತ ತನ್ನ ಉಷ್ಣತೆಯನ್ನು ಕಾಪಾಡಿಕೊಳ್ಳುತ್ತದೆ ಎಂಬುದು ಅವರ ವಾದ. ಸ್ಕಾಟ್ ಟರ್ನರ್ ಎಂಬ ಅಮೆರಿಕನ್ ಜೀವವಿಜ್ಞಾನಿ ನಮೀಬಿಯದ ಹುತ್ತಗಳಲ್ಲಿ ಅಳತೆ ಮಾಡಿ, 2008ರಲ್ಲಿ ರೂಪರ್ಟ್ ಸೋರ್ ಜೊತೆ ಬರೆದದ್ದು ಬೇರೆಯೇ. ಗೂಡಿನ ಉಷ್ಣತೆ ಸುತ್ತಲಿನ ನೆಲದ ಉಷ್ಣತೆಯನ್ನೇ ಅನುಸರಿಸುತ್ತದೆ, ಚಳಿಗಾಲಕ್ಕೆ ಇಳಿಯುತ್ತದೆ, ಬೇಸಗೆಗೆ ಏರುತ್ತದೆ. ಮೇಲಿನ ಗೋಪುರ ಇರುವುದು ಮನೆ ತಂಪಾಗಿಡಲು ಅಲ್ಲ, ಕೆಟ್ಟ ಗಾಳಿ ಕಳೆದು ಒಳ್ಳೆಯದನ್ನು ತರಲು. ಕೂಲರ್ ಎಂದುಕೊಂಡಿದ್ದ ಹುತ್ತ ಶ್ವಾಸಕೋಶವಾಗಿತ್ತು.

ಅಳೆಯಲು ಬಿಡದ ಹುಳುಗಳು

ಆ ಶ್ವಾಸಕೋಶ ನಡೆಯುವುದು ಹೇಗೆ ಎಂದು ನೋಡಲು ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಮಹಾದೇವನ್ ಅವರ ತಂಡದ ಹಂಟರ್ ಕಿಂಗ್ ಮತ್ತು ಸ್ಯಾಮ್ಯುಯೆಲ್ ಆಕೊ ಆರಿಸಿಕೊಂಡದ್ದು ನಮ್ಮ ಕಡೆಯ ಹುತ್ತಗಳನ್ನು, ನಾವು ತನಿ ಎರೆಯುವ ಆ ಏಣಿನ ಗೋಪುರಗಳನ್ನೇ. ವಿಜ್ಞಾನಿಗಳ ಬಾಯಲ್ಲಿ ಈ ಗೆದ್ದಲು ಒಡೊಂಟೊಟರ್ಮಿಸ್ ಒಬೇಸಸ್. ಕೆಲಸ ಸುಲಭವಿರಲಿಲ್ಲ. ಒಳಗಿನ ಗಾಳಿ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಸರಿಯುತ್ತದೆ, ಮಾಮೂಲಿ ಉಪಕರಣಕ್ಕೆ ಅದು ಗೊತ್ತೇ ಆಗದು. ಸೂಕ್ಷ್ಮವಾದ ಸಂವೇದಕವನ್ನು ತಾವೇ ಮಾಡಿಕೊಂಡು ಒಳಗಿಟ್ಟರೆ ಹುಳುಗಳು ಸುಮ್ಮನಿರುತ್ತವೆಯೇ? ಹತ್ತು ನಿಮಿಷವಾಗುವಷ್ಟರಲ್ಲಿ ಬಂದು ಅದಕ್ಕೂ ಮಣ್ಣು ಮೆತ್ತಿಬಿಡುತ್ತಿದ್ದವು! ಅಷ್ಟರೊಳಗೆ ಅಳತೆ ಮುಗಿಸಿ ಹೊರಗೆಳೆಯಬೇಕು.

2015ರಲ್ಲಿ ಪ್ರಕಟವಾದ ಅವರ ಉತ್ತರ ಸರಳವಾಗಿದೆ. ಹುತ್ತದ ನಡುವೆ ದೊಡ್ಡ ಚಿಮಣಿ, ಸುತ್ತಲಿನ ಏಣುಗಳೊಳಗೆ ತೆಳುಗೋಡೆಯ ನಾಳಗಳು. ಹಗಲು ಬಿಸಿಲಿಗೆ ಏಣುಗಳು ಬೇಗ ಕಾಯುತ್ತವೆ, ಅಲ್ಲಿ ಗಾಳಿ ಮೇಲೇರಿ ನಡುವಿನಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಏಣುಗಳು ಬೇಗ ತಣಿಯುತ್ತವೆ, ನಡು ಇನ್ನೂ ಬೆಚ್ಚಗಿರುತ್ತದೆ. ಆಗ ಗಾಳಿಯ ದಿಕ್ಕು ತಿರುಗಿ, ನಡುವಿನಲ್ಲಿ ಏರಿ ಏಣುಗಳಲ್ಲಿ ಇಳಿಯುತ್ತದೆ. ಹಗಲೆಲ್ಲ ಗೂಡಿನಲ್ಲಿ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಬೀಳುವುದು ಆಗ, ರಂಧ್ರಮಯ ಗೋಡೆಯ ಮೂಲಕ. ಹುಳುಗಳ ಮೈಬಿಸಿ ಈ ಚಕ್ರವನ್ನು ತಿರುಗಿಸುತ್ತಿಲ್ಲ. ತಿರುಗಿಸುತ್ತಿರುವುದು ಹಗಲಿಗೂ ರಾತ್ರಿಗೂ ಇರುವ ಬಿಸಿಯ ಅಂತರ.

ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಇದೇ. ಪಿಯರ್ಸ್ ಹುತ್ತವನ್ನು ತಪ್ಪಾಗಿ ಓದಿದರೂ ಅವರ ಕಟ್ಟಡ ನಡೆಯುತ್ತಿರುವುದು ಹುತ್ತವನ್ನು ನಡೆಸುವ ಆ ಹಗಲು ರಾತ್ರಿಯ ಅಂತರದಿಂದಲೇ. ಹುತ್ತದ ಯಂತ್ರವಿದ್ಯೆ ಅವರಿಗೆ ದಕ್ಕಲಿಲ್ಲ, ತಾವು ಹುಟ್ಟಿದ ಊರಿನ ಹವೆ ದಕ್ಕಿತ್ತು. ಪ್ರಕೃತಿಯಿಂದ ಕಲಿಯುವುದು ಎಂದು ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ಮಾತಾಡುವವರು ಹುತ್ತದ ಆಕಾರ ಹೊತ್ತ ಗೋಪುರಗಳ ಚಿತ್ರ ತೋರಿಸುತ್ತಾರೆ. ಆಕಾರ ಕದ್ದು ಪ್ರಯೋಜನವೇನು, ಊರಿನ ರಾತ್ರಿ ಎಷ್ಟು ತಂಪು ಎಂದು ತಿಳಿಯದಿದ್ದರೆ?

ಬೆಂಗಳೂರಿಗೂ 900 ಮೀಟರಿಗಿಂತ ಹೆಚ್ಚಿನ ಎತ್ತರವಿದೆ, ತಂಪು ರಾತ್ರಿಗಳಿವೆ. ಅದನ್ನು ಬಳಸಿದ ಕಟ್ಟಡವೂ ಇದೆ. ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಚೇರಿಯನ್ನು ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಸಂಜಯ್ ಮೋಹೆ. ನಿವೇಶನದ ದಕ್ಷಿಣಕ್ಕೆ ತೆರೆದ ಮೋರಿ, ಆ ಕಡೆ ಕಿಟಕಿ ತೆರೆದರೆ ನಾತ. ಹಾಗಾಗಿ ಕಟ್ಟಡ ಮೋರಿಗೆ ಬೆನ್ನು ತಿರುಗಿಸಿ, ಉತ್ತರಕ್ಕೆ ಮುಖ ಮಾಡಿ ಕೂತಿದೆ. ದಕ್ಷಿಣದ ಆ ಕುರುಡು ಗೋಡೆಗೆ ಕಪ್ಪು ಕಡಪ ಕಲ್ಲಿನ ಹೊದಿಕೆ, ಹಿಂದೆ ಟೊಳ್ಳು. ಬಿಸಿಲಿಗೆ ಕಲ್ಲು ಕಾದರೆ ಟೊಳ್ಳಿನ ಗಾಳಿ ಮೇಲೇರುತ್ತದೆ, ಅದರ ಸೆಳೆತಕ್ಕೆ ಉತ್ತರದ ತಂಪು ಗಾಳಿ ಕಚೇರಿಯನ್ನು ಹಾದು ಬರುತ್ತದೆ. ಹುತ್ತದ ಏಣು ಹಗಲಿನಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಕಡಪ ಕಲ್ಲು ಮಾಡುತ್ತದೆ. ಹುತ್ತ ನೋಡಿ ಹೀಗೆ ಕಟ್ಟಿದರು ಎಂದು ನಾನು ಹೇಳುತ್ತಿಲ್ಲ, ಮೋರಿಯ ನಾತವೇ ಅಲ್ಲಿ ಗುರುವಾಗಿತ್ತು.

ಆದರೆ ನಗರದ ಉದ್ದಗಲಕ್ಕೂ ಎದ್ದಿರುವುದು ಇಂಥ ಕಟ್ಟಡಗಳಲ್ಲ. ನಾಲ್ಕೂ ದಿಕ್ಕಿಗೆ ಗಾಜು ಹೊದ್ದು, ಕಿಟಕಿ ತೆರೆಯಲು ಬಾರದಂತೆ ಬಿಗಿದು, ಒಳಗೆ ಡಿಸೆಂಬರಿನಲ್ಲೂ ಎ.ಸಿ. ಓಡಿಸುವ ಪೆಟ್ಟಿಗೆಗಳವು. ಹೊರಗೆ ಸ್ವೆಟರ್ ಹಾಕುವಂಥ ಗಾಳಿ ಬೀಸುತ್ತಿರುತ್ತದೆ, ಒಳಗೆ ಕರೆಂಟು ಸುಟ್ಟು ತಯಾರಿಸಿದ ಚಳಿಗೆ ಇನ್ನೊಂದು ಸ್ವೆಟರ್. ಬಡಾವಣೆ ಮಾಡುವಾಗ ಮೊದಲು ಬರುವುದು ಜೆಸಿಬಿ, ಅದರ ಬಾಯಿಗೆ ಮೊದಲು ಸಿಗುವುದು ಗೋಮಾಳದ ಹುತ್ತ. ಪೂಜೆಗೆ ಬೇಕೆಂದು ಎಲ್ಲೋ ಒಂದೆರಡನ್ನು ಕಾಂಪೌಂಡು ಕಟ್ಟಿ ಉಳಿಸಿ, ಮೇಲೆ ಟೈಲ್ಸ್ ಹಾಕಿ, ತಗಡಿನ ಮಾಡು ಹೊದಿಸುತ್ತಾರೆ. ಬಿಸಿಲೂ ರಾತ್ರಿಯ ತಂಪೂ ನೇರ ತಾಗದ ಆ ಹುತ್ತ ಉಸಿರಾಡುವುದಾದರೂ ಹೇಗೆ?

ಮನೆ ಕಟ್ಟಿಸುವ ಯೋಚನೆಯಲ್ಲಿರುವವರಿಗೆ ಒಂದು ಮಾತು. ಆಯ ನೋಡಲು ವಾಸ್ತು ಪಂಡಿತರನ್ನು ಕರೆಸಿ, ಬೇಡವೆನ್ನುವುದಿಲ್ಲ. ನಕ್ಷೆಗೆ ಸಹಿ ಹಾಕುವ ಮುನ್ನ ಎಂಜಿನಿಯರನ್ನೂ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿ: ರಾತ್ರಿಯ ತಂಪು ಗಾಳಿ ಈ ಮನೆಯೊಳಗೆ ಯಾವ ದಾರಿಯಿಂದ ಬರುತ್ತದೆ, ಹಗಲಿನ ಬಿಸಿ ಯಾವ ದಾರಿಯಿಂದ ಹೋಗುತ್ತದೆ? ಉತ್ತರ ಎ.ಸಿ. ಎಂದಾದರೆ ನಕ್ಷೆಯನ್ನು ವಾಪಸ್ ಕಳಿಸಿ.