ವೈನ್ ಪಟ್ಟಿಯೂ ನಾಲಗೆಯ ಸಾಕ್ಷ್ಯವೂ

ಬೀದರ್ ನಗರದಲ್ಲಾಗಲಿ, ಭಾಲ್ಕಿ, ಔರಾದ್‌ಗಳ ಪೇಟೆಬೀದಿಯಲ್ಲಾಗಲಿ ನಡೆದುಹೋಗುವಾಗ ‘ವೈನ್ಸ್’ ಎಂಬ ಫಲಕವನ್ನು ನಾವೆಲ್ಲರೂ ಕಂಡಿರುತ್ತೇವೆ. ಆದರೆ ಇಂತಹ ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವುದು ವಿಸ್ಕಿ, ಬ್ರಾಂದಿ, ರಮ್ಮು, ಬಿಯರುಗಳೇ ಹೊರತು ವೈನ್ ಅಲ್ಲ. ಪರವಾನಗಿ ಪಡೆದ ಸಾಮಾನ್ಯ ಊಟದ ಮನೆಯೊಂದರ ಪಾನೀಯ ಪಟ್ಟಿಯಲ್ಲಿ ‘ವೈನ್: ಕೆಂಪು, ಬಿಳಿ’ ಎಂದಷ್ಟೇ ಬರೆದಿದೆಯೆಂದು ಭಾವಿಸೋಣ. ಆ ಪಟ್ಟಿ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವುದು ಹೇಗೆ? ಇದು ಕುಡಿಯುವವರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ತೋರಬಹುದು. ವಾಸ್ತವವಾಗಿ ಇದು, ಹೆಸರು, ಬೆಲೆ, ಬಣ್ಣಗಳ ಪ್ರಭಾವಕ್ಕೆ ಒಳಗಾದ ನಮ್ಮ ನಾಲಗೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ವಿಜ್ಞಾನದ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳಲು ವಿದ್ಯಾರ್ಥಿಗಳು ಮದ್ಯವನ್ನು ಮುಟ್ಟಬೇಕಾಗಿಲ್ಲ. ಕೆಲವು ಬಟ್ಟಲು ಚಹಾ ಸಾಕು.

ಪಟ್ಟಿಯು ಏನನ್ನು ತಿಳಿಸಬೇಕು?

ದ್ರಾಕ್ಷಿಯ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಮದ್ಯಸಾರವನ್ನಾಗಿಯೂ ಇಂಗಾಲದ ಡೈ ಆಕ್ಸೈಡನ್ನಾಗಿಯೂ ಮಾರ್ಪಡಿಸುತ್ತದೆ. ಇದೇ ಹುದುಗುವಿಕೆ. ಬೆಳಗ್ಗೆ ಸಿಹಿಯಾಗಿದ್ದ ಈಚಲ ಮರದ ರಸವು ಸಂಜೆಯ ಹೊತ್ತಿಗೆ ಹುಳಿಯಾದ ಸೇಂದಿಯಾಗುವುದೂ ಹುದುಗುವಿಕೆಯಿಂದಲೇ. ವೈನ್‌ನಲ್ಲಿ ಮದ್ಯಸಾರವು ಸಾಮಾನ್ಯವಾಗಿ ಶೇಕಡ 11ರಿಂದ 14ರವರೆಗೆ ಇರುತ್ತದೆ. ವಿಸ್ಕಿ, ಬ್ರಾಂದಿಗಳನ್ನು ಹುದುಗಿಸಿದ ಬಳಿಕ ಭಟ್ಟಿ ಇಳಿಸುವುದರಿಂದ ಅವುಗಳಲ್ಲಿ ಮದ್ಯಸಾರವು ಶೇಕಡ 40ನ್ನು ಮೀರುತ್ತದೆ. ಆದ್ದರಿಂದ ಇವೆರಡನ್ನೂ ಒಂದೇ ಶೀರ್ಷಿಕೆಯಡಿ ಬರೆದ ಪಟ್ಟಿಯು ಮೊದಲ ಪರೀಕ್ಷೆಯಲ್ಲಿಯೇ ಸೋಲುತ್ತದೆ. ಬಟ್ಟಲಿನ ಅಳತೆಯನ್ನು ಮಿಲಿಲೀಟರುಗಳಲ್ಲಿ ಹೇಳದ ಪಟ್ಟಿಯೂ ಅಷ್ಟೆ.

ಎರಡನೆಯದಾಗಿ, ದ್ರಾಕ್ಷಿಯ ತಳಿ. ನಮ್ಮ ರಾಜ್ಯದಲ್ಲಿ ಪ್ರಸಿದ್ಧವಾದ ‘ಬೆಂಗಳೂರು ನೀಲಿ’ ದ್ರಾಕ್ಷಿಯಲ್ಲಿ ಅಮೆರಿಕ ಮೂಲದ ಲಾಬ್ರುಸ್ಕ ಜಾತಿಯ ಅಂಶವಿದೆ. ಈ ಜಾತಿಯ ಹಣ್ಣುಗಳ ವಿಶಿಷ್ಟವಾದ ಗಾಢ ಪರಿಮಳಕ್ಕೆ ಮೀಥೈಲ್ ಆಂಥ್ರನಿಲೇಟ್ ಎಂಬ ಸಂಯುಕ್ತವು ಒಂದು ಮುಖ್ಯ ಕಾರಣ. ಯೂರೋಪಿನ ವಿನಿಫೆರಾ ಜಾತಿಯ ಕಬರ್ನೆ, ಶಿರಾಜ್ ಮುಂತಾದ ತಳಿಗಳ ವೈನ್ ಬೇರೆಯೇ ಬಗೆಯದು. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯನ್ನು ರೂಪಿಸಿತು. ನಂದಿಬೆಟ್ಟದ ಸುತ್ತಲೂ ಉತ್ತರದ ಕೃಷ್ಣಾ ಕಣಿವೆಯಲ್ಲಿಯೂ ವೈನ್ ತಯಾರಾಗುತ್ತದೆ. ಹೀಗಿರುವಾಗ ತಳಿ, ಸ್ಥಳ, ವರ್ಷಗಳನ್ನು ನಮೂದಿಸುವುದು ಪಟ್ಟಿ ಬರೆಯುವವನಿಗೆ ಕಷ್ಟದ ಕೆಲಸವೇನೂ ಅಲ್ಲ. ವರ್ಷವನ್ನು ಕೇಳುವುದು ಹಳೆಯದೆಲ್ಲ ಶ್ರೇಷ್ಠವೆಂಬ ಭಾವನೆಯಿಂದಲ್ಲ. ಸಾಮಾನ್ಯ ದರ್ಜೆಯ ವೈನ್, ಅದರಲ್ಲಿಯೂ ಬಿಳಿಯದು, ಕೆಲವೇ ವರ್ಷಗಳಲ್ಲಿ ಬಳಕೆಯಾಗಬೇಕಾದದ್ದು.

ಶಾಖ ಮತ್ತು ಗಾಳಿ

ಪಟ್ಟಿ ಸರಿಯಾಗಿದ್ದರೂ ಸೀಸೆ ಸರಿಯಾಗಿರಬೇಕಷ್ಟೆ. ಬೀದರ್ ಪ್ರಸ್ಥಭೂಮಿಯ ಮೇಲಿದ್ದರೂ ಮೇ ತಿಂಗಳ ಹಗಲಿನಲ್ಲಿ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡಿನ ಸಮೀಪಕ್ಕೆ ಏರುತ್ತದೆ. ವೈನ್‌ಗೆ ಹಿತವಾದ ಶೇಖರಣೆಯ ಉಷ್ಣತೆ 12ರಿಂದ 15 ಡಿಗ್ರಿ. ಉಷ್ಣತೆ 10 ಡಿಗ್ರಿ ಹೆಚ್ಚಿದಾಗಲೆಲ್ಲ ರಾಸಾಯನಿಕ ಕ್ರಿಯೆಗಳ ವೇಗವು ಸುಮಾರು ಎರಡು ಪಟ್ಟಾಗುತ್ತದೆಂಬ ಸ್ಥೂಲ ನಿಯಮವನ್ನು ಅನ್ವಯಿಸಿದರೆ, 15 ಡಿಗ್ರಿಗಿಂತ 40 ಡಿಗ್ರಿಯಲ್ಲಿ ವೈನ್ ಐದಾರು ಪಟ್ಟು ಬೇಗ ಮುದಿಯಾಗುತ್ತದೆ. ಸೀಸೆಯನ್ನು ತೆರೆದ ಮೇಲಂತೂ ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯವು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿಸುತ್ತದೆ. ವೈನ್ ವಿನಿಗರ್ ಆಗುವುದು ಹೀಗೆ. ವೈನ್ ಕೆಡುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂದು ಲೂಯಿ ಪಾಶ್ಚರನು 1860ರ ದಶಕದಲ್ಲಿ ತೋರಿಸಿಕೊಟ್ಟನು. ಆದುದರಿಂದ ಬಟ್ಟಲಿನ ಲೆಕ್ಕದಲ್ಲಿ ವೈನ್ ಮಾರುವಲ್ಲಿ ‘ಈ ಸೀಸೆಯನ್ನು ಎಂದು ತೆರೆದಿರಿ?’ ಎಂದು ಕೇಳುವುದು ಉಚಿತ.

ಇನ್ನು ಊಟದ ವಿಷಯ. ಕೆಂಪು ವೈನ್‌ನಲ್ಲಿ ಟ್ಯಾನಿನ್ನುಗಳಿವೆ. ಇವು ಲಾಲಾರಸದ ಪ್ರೋಟೀನುಗಳೊಡನೆ ಕೂಡಿಕೊಂಡಾಗ ಬಾಯಿ ಒಣಗಿದಂತಾಗುತ್ತದೆ. ನೇರಳೆಹಣ್ಣನ್ನು ತಿಂದಾಗ ನಮಗೆ ತಿಳಿಯುವ ಒಗರು ಇಂತಹುದೇ. ಖಾರವನ್ನು ಗ್ರಹಿಸುವ ನರಗ್ರಾಹಕವು ಮದ್ಯಸಾರದಿಂದಲೂ ಉದ್ರೇಕಗೊಳ್ಳುತ್ತದೆ. ಆದ್ದರಿಂದ ಮದ್ಯಸಾರವು ಹೆಚ್ಚಿದ್ದಷ್ಟೂ ಮೆಣಸಿನಕಾಯಿಯ ಉರಿ ಹೆಚ್ಚಾಗಿ ತೋರುತ್ತದೆ. ಖಾರದ ಅಡುಗೆ ಬಡಿಸುವ ಊಟದ ಮನೆಯ ಪಟ್ಟಿಯಲ್ಲಿ ಒಗರೂ ಮದ್ಯಸಾರವೂ ಕಡಮೆಯಿದ್ದು ತುಸು ಸಿಹಿಯಾದ ವೈನ್ ಒಂದೂ ಇಲ್ಲದಿದ್ದರೆ, ಪಟ್ಟಿ ಬರೆದವನು ತನ್ನ ಅಡುಗೆಮನೆಯನ್ನು ಮರೆತಿದ್ದಾನೆಂದೇ ಅರ್ಥ.

ನಾಲಗೆಯನ್ನು ನಂಬಬಹುದೆ?

‘ಇದೆಲ್ಲ ಏಕೆ? ರುಚಿ ನೋಡಿದರೆ ತಿಳಿಯುವುದಿಲ್ಲವೆ?’ ಎಂದು ಓದುಗರು ಕೇಳಬಹುದು. ತಿಳಿಯುವುದು ನಾವು ಎಣಿಸಿದಷ್ಟು ಸುಲಭವಲ್ಲ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ 54 ಮಂದಿಗೆ ಕೊಡಲಾಯಿತು. ಅವರು ಕೆಂಪು ವೈನ್‌ಗೆ ಹೇಳುವ ಗುಣಗಳನ್ನೇ ಅದಕ್ಕೂ ಹೇಳಿದರು. ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ 5 ಡಾಲರಿನದೆಂದೂ ಇನ್ನೊಮ್ಮೆ 45 ಡಾಲರಿನದೆಂದೂ ಹೇಳಿ ಕೊಟ್ಟರು. ಹೆಚ್ಚಿನ ಬೆಲೆ ಹೇಳಿದಾಗ ಅದು ಹೆಚ್ಚು ಹಿತವೆನಿಸಿತು. ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆಯೂ ಹೆಚ್ಚಿತು. ಅವರು ಸುಳ್ಳು ಹೇಳಲಿಲ್ಲ. ಬೆಲೆಯು ಅನುಭವವನ್ನೇ ಬದಲಿಸಿತ್ತು.

ನುರಿತವರಾದರೂ ತಪ್ಪುವುದಿಲ್ಲವೆನ್ನುವಂತಿಲ್ಲ. ಕ್ಯಾಲಿಫೋರ್ನಿಯದ ರಾಜ್ಯ ಮೇಳದಲ್ಲಿ ತೀರ್ಪುಗಾರರಿಗೆ ಒಂದೇ ಸೀಸೆಯ ವೈನನ್ನು, ಅವರಿಗೆ ಅರಿವಿಲ್ಲದಂತೆ, ಮೂರು ಬಾರಿ ಕೊಟ್ಟು ನೋಡಿದಾಗ, ಪ್ರತಿ ಸಲವೂ ಒಂದೇ ದರ್ಜೆಯ ಪದಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. ಈ ಫಲಿತಾಂಶವನ್ನು ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದರು.

ಎಂಟು ಬಟ್ಟಲು ಚಹಾ

ಹಾಗಾದರೆ ನಾಲಗೆಯನ್ನು ನ್ಯಾಯವಾಗಿ ಪರೀಕ್ಷಿಸುವ ಬಗೆ ಯಾವುದು? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿಯು, ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಎಂಬುದನ್ನು ತಾನು ರುಚಿಯಿಂದಲೇ ಹೇಳಬಲ್ಲೆನೆಂದರು. ಈ ಮಾತನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಪರೀಕ್ಷೆಗೆ ಒಡ್ಡಿದರು. 1935ರ ತಮ್ಮ ಗ್ರಂಥದಲ್ಲಿ ಅದರ ತತ್ತ್ವವನ್ನು ವಿವರಿಸಿದರು. ಎಂಟು ಬಟ್ಟಲುಗಳಲ್ಲಿ ನಾಲ್ಕು ಒಂದು ಬಗೆಯವು, ನಾಲ್ಕು ಇನ್ನೊಂದು ಬಗೆಯವು. ಎಂಟರಲ್ಲಿ ನಾಲ್ಕನ್ನು ಆರಿಸುವ ವಿಧಾನಗಳು 70. ಆದ್ದರಿಂದ ಬರಿಯ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ 1 ಮಾತ್ರ.

ಈ ಪ್ರಯೋಗಕ್ಕೆ ಬೀದರ್ ಜಿಲ್ಲೆಗಿಂತ ಒಳ್ಳೆಯ ಸ್ಥಳವನ್ನು ಹುಡುಕಬೇಕಾಗಿಲ್ಲ. ಬೀದರ್ ನಗರವು ಕೆಂಪು ಜಂಬಿಟ್ಟಿಗೆಯ ಮೇಲಿದೆ. ಬಹಮನಿ ಅರಸರ ಕಾಲದ ನೌಬಾದಿನ ಸುರಂಗ ಬಾವಿಯನ್ನು ಈ ಕಲ್ಲಿನಲ್ಲಿಯೇ ಕೊರೆಯಲಾಯಿತು. ಭಾಲ್ಕಿ, ಔರಾದ್ ತಾಲ್ಲೂಕುಗಳ ಬಹುಭಾಗದಲ್ಲಿ ಬಸಾಲ್ಟ್ ಶಿಲೆ, ಅದರ ಮೇಲೆ ಕರಿಮಣ್ಣು. ಮಳೆನೀರಿನಲ್ಲಿ ಕರಗುವ ಲವಣಗಳು ಜಂಬಿಟ್ಟಿಗೆಯಲ್ಲಿ ಬಹುಮಟ್ಟಿಗೆ ತೊಳೆದುಹೋಗಿರುವುದರಿಂದ ಅಲ್ಲಿಯ ನೀರು ಸಾಮಾನ್ಯವಾಗಿ ಮೆದು. ಬಸಾಲ್ಟಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬೊನೇಟುಗಳು ಹೆಚ್ಚಿದ್ದು ಅದು ಗಡಸಾಗಿರುತ್ತದೆ. ಗಡಸು ನೀರಿನ ಚಹಾದ ಮೇಲೆ ತೆಳುವಾದ ಪೊರೆ ಕಟ್ಟುವುದನ್ನು ನೀವು ನೋಡಿರಬಹುದು.

ಎರಡು ಕಡೆಯ ಬಾವಿಗಳ ನೀರನ್ನು ತನ್ನಿ. ಸಾಬೂನಿನ ನೊರೆಯಿಂದ ಗಡಸುತನದ ವ್ಯತ್ಯಾಸವನ್ನು ಮೊದಲು ಖಚಿತಪಡಿಸಿಕೊಳ್ಳಿ. ನೀರನ್ನು ಚೆನ್ನಾಗಿ ಕುದಿಸಿ, ಒಂದೇ ತೂಕದ ಚಹಾಪುಡಿಯಿಂದ, ಹಾಲು ಸಕ್ಕರೆಗಳಿಲ್ಲದೆ, ನಾಲ್ಕು ನಾಲ್ಕು ಬಟ್ಟಲು ಚಹಾ ಮಾಡಿ. ರುಚಿ ನೋಡುವವನ ಕಣ್ಣಿಗೆ ಬಟ್ಟೆ ಕಟ್ಟಿರಲಿ. ಸುರಿದವನೇ ಬಟ್ಟಲನ್ನು ಕೊಡಬಾರದು. ಅವನ ಮುಖಭಾವ, ಧ್ವನಿಗಳೂ ಗುಟ್ಟನ್ನು ಬಿಟ್ಟುಕೊಡಬಲ್ಲವು. ಕ್ರಮವನ್ನು ಚೀಟಿಯೆತ್ತಿ ನಿರ್ಧರಿಸಿ.

ವೈನ್ ಪಟ್ಟಿಯ ತೀರ್ಪಿಗೂ ಇದೇ ಮಾರ್ಗ. ಬರೆದುದನ್ನು ಓದಿ, ಶೇಖರಣೆಯನ್ನು ವಿಚಾರಿಸಿ, ಬೆಲೆಯನ್ನೂ ಹೆಸರನ್ನೂ ಮುಚ್ಚಿಟ್ಟು ರುಚಿಯನ್ನು ಪರೀಕ್ಷಿಸಬೇಕು. ಆದರೆ ಯಾವ ವೈನ್ ಎಷ್ಟೇ ಉತ್ತಮವೆನಿಸಿದರೂ, ಮದ್ಯ ಪಾನೀಯಗಳು ಕ್ಯಾನ್ಸರ್‌ಕಾರಕಗಳೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಸಾರಿದೆಯೆಂಬುದನ್ನು ಯಾವ ಪಟ್ಟಿಯೂ ತಿಳಿಸುವುದಿಲ್ಲ. ಚಹಾದ ಪ್ರಯೋಗದಲ್ಲಿ ಆ ಭಯವಿಲ್ಲ. ಎಂಟು ಬಟ್ಟಲುಗಳನ್ನು ಸಿದ್ಧಪಡಿಸಿ, ನಿಮ್ಮ ತರಗತಿಯಲ್ಲಿ ಎಷ್ಟು ಮಂದಿಯ ನಾಲಗೆ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದೆಂದು ನೋಡಿ.