ಗೀಳು ಮನೋರೋಗ ಮತ್ತು ಮಿದುಳಿನ ರಚನೆ: ಒಂದು ಐತಿಹಾಸಿಕ ವಿವೇಚನೆ

೧೮೩೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಫ್ರಾನ್ಸಿನ ವೈದ್ಯರಾದ ಎಸ್ಕಿರೋಲ್ ಅವರು ಮೂವತ್ತನಾಲ್ಕು ವರ್ಷದ ಮಹಿಳೆಯೊಬ್ಬಳ ವೃತ್ತಾಂತವನ್ನು ವಿವರಿಸಿರುವರು. ಹಣವನ್ನು ಮುಟ್ಟಿದರೆ ಬೆಲೆಯುಳ್ಳ ಪರಸ್ವತ್ತೇನಾದರೂ ತನ್ನ ಬೆರಳುಗಳಿಗೆ ಅಂಟಿಕೊಂಡೀತೆಂಬ ಭಯವು ಆಕೆಯನ್ನು ಬಾಧಿಸುತ್ತಿತ್ತು. ಆ ಭಯವು ಅರ್ಥಹೀನವೆಂದು ಆಕೆ ಬಲ್ಲಳು; ಆದರೂ ಅದನ್ನು ತೊರೆಯಲಾರದೆ ಹೋದಳು. ಅರಿವು ಉಳಿದಿದ್ದರೂ ಅಂಕೆ ತಪ್ಪುವ ಈ ಅವಸ್ಥೆಯು ಗೀಳು ಮನೋರೋಗದಲ್ಲಿ ಬಹುಮಟ್ಟಿಗೆ ಕಾಣಬರುವ ಲಕ್ಷಣವಾಗಿದೆ.

ಈ ವ್ಯಾಧಿಯ ಮೂಲವೇನೆಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಯೂರೋಪಿನ ಧರ್ಮಗುರುಗಳು ಇದನ್ನು ಅತಿಯಾದ ಪಾಪಭೀತಿಯೆಂದು ಬಗೆದರು. ೧೮೭೭ರಲ್ಲಿ ಜರ್ಮನಿಯ ವೆಸ್ಟ್‌ಫಾಲ್ ಅವರು, ಬುದ್ಧಿಯು ಸ್ವಸ್ಥವಾಗಿರುವಾಗಲೇ ಇಚ್ಛೆಗೆ ವಿರೋಧವಾಗಿ ನುಗ್ಗುವ ಆಲೋಚನೆಗಳೆಂದು ಇದನ್ನು ನಿರೂಪಿಸಿದರು. ೧೯೦೩ರಲ್ಲಿ ಜಾನೆ ಅವರು ಮಾನಸಿಕ ಶಕ್ತಿಯ ಕುಂದನ್ನೂ, ಫ್ರಾಯ್ಡ್ ಅವರು ಸುಪ್ತಮನಸ್ಸಿನ ಸಂಘರ್ಷವನ್ನೂ ಕಾರಣವಾಗಿ ಮುಂದಿಟ್ಟರು. ಆದರೆ ೧೯೧೭ರಲ್ಲಿ ಫಾನ್ ಎಕನಮೊ ಅವರು ವರ್ಣಿಸಿದ ಮಿದುಳಿನ ಉರಿಯೂತದಿಂದ ಬದುಕುಳಿದ ಕೆಲವರಲ್ಲಿ ಗೀಳಿನ ವರ್ತನೆಗಳು ತೋರಿಬಂದುದು, ಮಿದುಳಿನ ಕಡೆಗೂ ದೃಷ್ಟಿ ಹರಿಯುವಂತೆ ಮಾಡಿತು.

ಜೀವಂತ ಮಿದುಳಿನ ಪರೀಕ್ಷೆ ಸಾಧ್ಯವಾದುದು ಬಹುಕಾಲದ ನಂತರ. ೧೯೮೭ರಲ್ಲಿ ಅಮೆರಿಕದ ಬ್ಯಾಕ್ಸ್ಟರ್ ಮತ್ತು ಅವರ ಸಹೋದ್ಯೋಗಿಗಳು, ಇಂತಹ ರೋಗಿಗಳ ಮಿದುಳಿನಲ್ಲಿ ಕಣ್ಣುಗುಳಿಯ ಮೇಲ್ಭಾಗದ ಹೊರಪದರವೂ ಒಳಗಿನ ಕಾಡೇಟ್ ಎಂಬ ಭಾಗವೂ ಹೆಚ್ಚು ಗ್ಲೂಕೋಸನ್ನು ಬಳಸುತ್ತಿರುವುದನ್ನು ಕಂಡರು. ಹೊರಪದರದಿಂದ ಹೊರಟ ಸಂಕೇತವು ಕಾಡೇಟ್, ಪ್ಯಾಲಿಡಮ್, ಥ್ಯಾಲಮಸ್‌ಗಳ ಮೂಲಕ ಹಾದು ಮರಳಿ ಹೊರಪದರವನ್ನೇ ಸೇರುವ ಒಂದು ನರಮಂಡಲವಿದೆ. ಇದರ ಹತೋಟಿ ಸಡಿಲವಾದಾಗ ಎಚ್ಚರಿಕೆಯ ಸಂಕೇತವು ಶಮನವಾಗದೆ ಸುತ್ತುತ್ತಿರುವುದೆಂದು ವಿದ್ವಾಂಸರು ಊಹಿಸುತ್ತಾರೆ. ಬಾಗಿಲಿಗೆ ಬೀಗ ಹಾಕಿದ್ದನ್ನು ಕಣ್ಣಾರೆ ಕಂಡವನೂ ಮತ್ತೆ ಮತ್ತೆ ಹಿಂದಿರುಗಿ ನೋಡುವುದು ಇದರಿಂದ ಅರ್ಥವಾಗುತ್ತದೆ.

೨೦೧೭ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನವೊಂದು ೧,೮೩೦ ರೋಗಿಗಳ ಹಾಗೂ ೧,೭೫೯ ಇತರರ ಮಿದುಳಿನ ಚಿತ್ರಗಳನ್ನು ಹೋಲಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಅದರಲ್ಲಿ ಪಾಲ್ಗೊಂಡಿತ್ತು. ವಯಸ್ಕ ರೋಗಿಗಳಲ್ಲಿ ಹಿಪೊಕ್ಯಾಂಪಸ್ ತುಸು ಕಿರಿದಾಗಿಯೂ ಪ್ಯಾಲಿಡಮ್ ತುಸು ಹಿರಿದಾಗಿಯೂ, ಔಷಧ ಸೇವಿಸದ ಮಕ್ಕಳಲ್ಲಿ ಥ್ಯಾಲಮಸ್ ಹಿರಿದಾಗಿಯೂ ಕಂಡುಬಂದವು. ಈ ವ್ಯತ್ಯಾಸಗಳು ಅಲ್ಪವಾದುವು. ಸಮೂಹದ ಸರಾಸರಿಗೆ ಸಂಬಂಧಿಸಿದುವು. ಇವುಗಳ ಬಲದಿಂದ ಒಬ್ಬ ವ್ಯಕ್ತಿಯ ರೋಗವನ್ನು ನಿರ್ಣಯಿಸಲಾಗದು. ಇವು ರೋಗದ ಕಾರಣವೋ, ಪರಿಣಾಮವೋ, ಔಷಧದ ಪ್ರಭಾವವೋ ಎಂಬುದೂ ಇತ್ಯರ್ಥವಾಗಿಲ್ಲ.

ಆದುದರಿಂದ ಇತಿಹಾಸದ ಅಭ್ಯಾಸಿಗಳಾದ ನಾವು, ಗತಕಾಲದ ವ್ಯಕ್ತಿಗಳಿಗೆ ಈ ರೋಗದ ಹೆಸರನ್ನು ಆತುರದಿಂದ ಅಂಟಿಸಬಾರದು. ಹಾಗೆಯೇ ರೋಗಿಯ ಇಚ್ಛಾಶಕ್ತಿಯನ್ನು ದೂಷಿಸುವ ಹಳೆಯ ರೂಢಿಯನ್ನೂ ಕೈಬಿಡಬೇಕು. ೧೯೯೨ರಲ್ಲಿ ಬ್ಯಾಕ್ಸ್ಟರ್ ಅವರ ತಂಡವೇ ತೋರಿಸಿದಂತೆ, ಔಷಧದಿಂದಾಗಲಿ ವರ್ತನಾ ಚಿಕಿತ್ಸೆಯಿಂದಾಗಲಿ ಗುಣಮುಖರಾದವರಲ್ಲಿ ಕಾಡೇಟ್ ಭಾಗದ ಅತಿಚಟುವಟಿಕೆಯು ತಗ್ಗಿತು. ಮಿದುಳಿನಲ್ಲಿ ಕಂಡ ದೋಷವನ್ನು ಬದಲಿಸಲಾಗದ ವಿಧಿಯೆಂದು ತಿಳಿಯಲು ಆಧಾರವಿಲ್ಲವೆಂಬುದು ಇದರಿಂದ ವಿಶದವಾಗುತ್ತದೆ.