ಫರ್ಮಾನ ಆರನೆಯ ಸಂಖ್ಯೆ

ಮೂವತ್ತೆರಡು ಎರಡುಗಳನ್ನು ಪರಸ್ಪರ ಗುಣಿಸಿ, ಬಂದ ಗುಣಲಬ್ಧಕ್ಕೆ ಒಂದನ್ನು ಕೂಡಿಸಿದರೆ 4,29,49,67,297 ಎಂಬ ಸಂಖ್ಯೆಯು ದೊರೆಯುವುದು. ಮೇಲ್ನೋಟಕ್ಕೆ ಯಾವ ವೈಶಿಷ್ಟ್ಯವನ್ನೂ ತೋರದ ಈ ಮಹಾರಾಶಿಯು, ತನಗೆ ಸಲ್ಲದ ಅವಿಭಾಜ್ಯವೆಂಬ ಬಿರುದನ್ನು ತೊಂಬತ್ತು ವರ್ಷಗಳಿಗೂ ಮಿಕ್ಕಿ ಧರಿಸಿಕೊಂಡಿತ್ತು.

ಫ್ರಾನ್ಸಿನ ತುಲೂಸ್ ನಗರದ ನ್ಯಾಯಸಭೆಯಲ್ಲಿ ಅಧಿಕಾರಿಯಾಗಿದ್ದು, ಬಿಡುವಿನ ವೇಳೆಯನ್ನು ಗಣಿತಕ್ಕೆ ಮುಡಿಪಾಗಿಟ್ಟಿದ್ದ ಪಿಯರ್ ದ ಫರ್ಮಾ, 1640ರ ಸುಮಾರಿನಲ್ಲಿ 3, 5, 17, 257, 65,537 ಎಂಬ ಶ್ರೇಣಿಯನ್ನು ಪರಿಶೀಲಿಸಿದನು. ಒಂದೊಂದರಿಂದಲೂ ಒಂದನ್ನು ಕಳೆದು, ಉಳಿದುದನ್ನು ವರ್ಗಮಾಡಿ, ಮರಳಿ ಒಂದನ್ನು ಕೂಡಿಸಿದರೆ ಮುಂದಿನದು ಹುಟ್ಟುವುದು. ಈ ಐದೂ ಅವಿಭಾಜ್ಯಗಳಾಗಿದ್ದುದರಿಂದ, ಸಾಧನೆಯು ಕೈಗೆ ಸಿಕ್ಕದಿದ್ದರೂ, ಈ ಕುಲದ ಸಂಖ್ಯೆಗಳೆಲ್ಲವೂ ಅಂತಹವೇ ಎಂದು ಆತನು ನಂಬಿದನು. ಗಣಿತಜ್ಞ ಗೋಲ್ಡ್‌ಬಾಖನು 1729ರಲ್ಲಿ ಬರೆದ ಪತ್ರದಿಂದ ಈ ಪ್ರಶ್ನೆಯು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ತರುಣ ಗಣಿತಜ್ಞ ಆಯ್ಲರನನ್ನು ಮುಟ್ಟಿತು; ಆರನೆಯ ಸಂಖ್ಯೆಯಾದ ನಮ್ಮ ಮಹಾರಾಶಿಯನ್ನು 641 ನಿಶ್ಶೇಷವಾಗಿ ಭಾಗಿಸುವುದೆಂದು 1732ರಲ್ಲಿ ಆತನು ತೋರಿಸಿಕೊಟ್ಟನು.

ಇದನ್ನು ಮನಗಾಣಲು ದೀರ್ಘ ಭಾಗಾಕಾರದ ಆಯಾಸವೇ ಬೇಕಿಲ್ಲ. ನನ್ನ ಮಟ್ಟಿಗೆ ಗಣಿತದಲ್ಲಿ ಇಷ್ಟು ಸುಂದರವಾದ ಸಾಧನೆಗಳು ವಿರಳ. 641ನ್ನು 5×128+1 ಎಂದೂ, 625+16 ಎಂದೂ ಬರೆಯಬಹುದು. 625ನ್ನು ಎರಡರ 28ನೆಯ ಘಾತದಿಂದ ಗುಣಿಸಿದ ಲಬ್ಧವನ್ನು ‘ಕ’ ಎನ್ನೋಣ. ಇದು 5×128ರ ನಾಲ್ಕನೆಯ ಘಾತವೇ ಆಗಿದೆ. 5×128 ಎಂಬುದು 641ಕ್ಕೆ ಒಂದು ಕಡಮೆಯಾದುದರಿಂದ, ‘ಕ’ದಿಂದ ಒಂದನ್ನು ಕಳೆದರೆ ಉಳಿಯುವುದು 641ರಿಂದ ಭಾಗವಾಗುವುದು. ಎರಡನೆಯ ರೂಪವನ್ನು ಅದೇ 28ನೆಯ ಘಾತದಿಂದ ಗುಣಿಸಿದರೆ, ‘ಕ’ಕ್ಕೆ ಎರಡರ 32ನೆಯ ಘಾತವನ್ನು ಕೂಡಿಸಿದ ಮೊತ್ತವೂ ಭಾಗವಾಗುವುದೆಂದು ಕಾಣುತ್ತದೆ. ಇವೆರಡರ ಅಂತರವೇ ನಮ್ಮ ಸಂಖ್ಯೆ!

ಇನ್ನೊಂದು ಅಪವರ್ತನವು 67,00,417; ಅದೂ ಅವಿಭಾಜ್ಯವೇ. ಹೀಗೆ ಎರಡೇ ಅವಿಭಾಜ್ಯಗಳ ಗುಣಲಬ್ಧವಾದ ಇದು, ತನ್ನನ್ನುಳಿದ ಭಾಜಕಗಳ ಮೊತ್ತವು ತನಗಿಂತ ಕಿರಿದಾದ ಕಾರಣ, ನ್ಯೂನಸಂಖ್ಯೆಗಳ ವರ್ಗಕ್ಕೆ ಸೇರಿದೆ. ಎರಡು ವರ್ಗಗಳ ಮೊತ್ತವಾಗಿ ಇದನ್ನು ಎರಡು ಬಗೆಯಲ್ಲಿ ಬರೆಯಬಹುದು: 65,536 ಮತ್ತು 1ರ ವರ್ಗಗಳು, 62,264 ಮತ್ತು 20,449ರ ವರ್ಗಗಳು. ಅವಿಭಾಜ್ಯಕ್ಕೆ ಇಂತಹ ದ್ವೈತವು ಸಾಧ್ಯವಿಲ್ಲ. ಆದರೂ ಎರಡನ್ನು ಆಧಾರವಾಗಿಟ್ಟು ಫರ್ಮಾನದೇ ಪ್ರಮೇಯದಿಂದ ಪರೀಕ್ಷಿಸಿದರೆ ಇದು ಅವಿಭಾಜ್ಯದಂತೆಯೇ ತೇರ್ಗಡೆಯಾಗುವುದರಿಂದ ಹುಸಿ ಅವಿಭಾಜ್ಯವೆನಿಸಿದೆ. ಮೂರನ್ನು ಆಧಾರವಾಗಿಟ್ಟರೆ ಗುಟ್ಟು ರಟ್ಟಾಗುವುದು.

ಇದಕ್ಕಿಂತ ಎರಡು ಕಡಮೆಯಾದ 4,29,49,67,295 ಎಂಬ ನೆರೆಯ ಸಂಖ್ಯೆಯಾದರೋ ಫರ್ಮಾನ ಆ ಐದು ಅವಿಭಾಜ್ಯಗಳ ಗುಣಲಬ್ಧ. ಕೈವಾರವನ್ನೂ ಗುರುತಿಲ್ಲದ ಅಳತೆಪಟ್ಟಿಯನ್ನೂ ಮಾತ್ರ ಬಳಸಿ ಅವುಗಳಲ್ಲೊಂದಾದ ಹದಿನೇಳರಷ್ಟು ಭುಜಗಳ ನಿಯಮಿತಾಕೃತಿಯನ್ನು ರಚಿಸಬಹುದೆಂದು ಗಣಿತಜ್ಞ ಗೌಸನು 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ವಯಸ್ಸಿನಲ್ಲಿ, ಕಂಡುಕೊಂಡನಷ್ಟೆ. ಹಾಗೆ ರಚಿಸಲು ಸಾಧ್ಯವೆಂದು ನಾವು ಬಲ್ಲ ಬೆಸಭುಜಾಕೃತಿಗಳಲ್ಲಿ ಅತಿ ಹೆಚ್ಚು ಭುಜಗಳುಳ್ಳದ್ದು ಈ ನೆರೆಯ ಸಂಖ್ಯೆಯಷ್ಟು ಭುಜಗಳ ಆಕೃತಿಯೇ. ಫರ್ಮಾನ ಕುಲದಲ್ಲಿ ಆರನೆಯ ಅವಿಭಾಜ್ಯವು ಇಂದಿಗೂ ದೊರೆತಿಲ್ಲ.